ಮಧ್ಯಾಹ್ನ ಏರುವ ಪಿಎಚ್, ಸತ್ತು ತೇಲುವ ಮೀನು

ಪ್ರಶ್ನೆ: ಸರ್, ನಾನು ಉಷ್ಣ ವಿದ್ಯುತ್ ಸ್ಥಾವರವೊಂದರ ಕೆಮಿಸ್ಟ್ರಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತ್ಯಾಜ್ಯ ನೀರಿನ ಕೊಳದಲ್ಲಿ ಬೆಳಿಗ್ಗೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) 7.8 ಇರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ 9.4 ಆಗುತ್ತದೆ. ಹೊರಗೆ ಬಿಡುವ ನೀರಿಗೆ ನಮಗಿರುವ ಮಿತಿ 8.5. ನೀರಿನ ಲವಣ ತೆಗೆಯುವ ಡಿಎಂ ಪ್ಲಾಂಟಿನ ಕಾಸ್ಟಿಕ್ (ತೀಕ್ಷ್ಣ ಕ್ಷಾರ) ಎಲ್ಲೋ ಸೋರುತ್ತಿದೆ ಎಂದು ಹುಡುಕಿದೆವು, ಸಿಗಲಿಲ್ಲ. ಈಗ ದಿನಾ ಮಧ್ಯಾಹ್ನ ಕೊಳಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿಸುತ್ತಿದ್ದೇವೆ. ಕಳೆದ ವಾರ ಮೀನುಗಳೂ ಸತ್ತು ತೇಲಿದವು. ಏನು ಮಾಡಬೇಕು?

ಉತ್ತರ: ಮೊದಲು ಆಸಿಡ್ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ನೀವು ಬರೆದ ಎರಡು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಸೋರುವ ಕಾಸ್ಟಿಕ್ಕಿಗೆ ಹಗಲು ರಾತ್ರಿ ಎಂಬ ಭೇದ ಇಲ್ಲ. ಬಿಸಿಲಿನ ಜೊತೆ ಏರಿ ಬೆಳಗಾಗುವುದರೊಳಗೆ ಇಳಿಯುವ ಪಿಎಚ್ ಸಾಮಾನ್ಯವಾಗಿ ಪಾಚಿಯ ಕೆಲಸ. ನಿಮ್ಮ ಕೊಳದ ನೀರು ಹಸಿರಾಗಿದೆ ಅಲ್ವಾ? ಪಾಚಿ ಹಗಲು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಅದು ಹೋದಂತೆ ಪಿಎಚ್ ಏರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ನೀರಿಗೆ ಬಿಡುತ್ತದೆ, ಪಿಎಚ್ ಇಳಿಯುತ್ತದೆ.

ನನ್ನ ಮಾತನ್ನು ಹಾಗೇ ನಂಬಬೇಡಿ, ಒಂದು ದಿನ ಪೂರ್ತಿ ಅಳೆದು ನೋಡಿ. ಎರಡು ಗಂಟೆಗೊಮ್ಮೆ, ಒಂದೇ ಜಾಗದಲ್ಲಿ, ಮೇಲಿನ ನೀರಿನಿಂದ ಅರ್ಧ ಮೀಟರ್ ಕೆಳಗೆ. ಪಿಎಚ್ ಜೊತೆ ಕರಗಿದ ಆಮ್ಲಜನಕ ಮತ್ತು ಕಂಡಕ್ಟಿವಿಟಿ (ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಕೂಡ ಬರೆದಿಡಿ. ಪಿಎಚ್ ಮತ್ತು ಆಮ್ಲಜನಕ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಪಾಚಿಯೇ. ಕಂಡಕ್ಟಿವಿಟಿ ದಿಢೀರ್ ಮೇಲೆ ಹೋದರೆ ರೀಜನರೇಶನ್ ನೀರು (ಡಿಎಂ ಪ್ಲಾಂಟಿನ ರಾಳವನ್ನು ಆಸಿಡ್, ಕಾಸ್ಟಿಕ್ ಹಾಕಿ ತೊಳೆದ ನೀರು) ಎಲ್ಲಿಂದಲೋ ಬರುತ್ತಿದೆ ಎಂದು ತಿಳಿಯಿರಿ. ಇನ್ನೊಂದು ವಿಷಯ: ಎಷ್ಟೋ ಲ್ಯಾಬುಗಳಲ್ಲಿ ಪಿಎಚ್ ಪ್ರೋಬನ್ನು 4 ಮತ್ತು 7ರ ಬಫರಿಗೆ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಕ್ಕೆ) ಹೊಂದಿಸಿ ಬಿಡುತ್ತಾರೆ. ನಿಮ್ಮ ನೀರು 8ರಿಂದ 9ರ ಆಸುಪಾಸಿನಲ್ಲಿದೆ. 7 ಮತ್ತು 10ರ ಬಫರಿಗೆ ಹೊಂದಿಸಿ, ಪ್ರೋಬಿನ ತುದಿಗೆ ಅಂಟಿದ ಲೋಳೆ ಒರೆಸಿ, ಆಮೇಲೆ ಅಳೆಯಿರಿ.

ಈಗ ಮೀನಿನ ವಿಷಯ. ನಿಮ್ಮ ಬಾಯ್ಲರ್ ನೀರಿಗೆ ಅಮೋನಿಯಾ ಹಾಕುತ್ತಿದ್ದರೆ ಅದು ಕೊನೆಗೆ ಕೊಳಕ್ಕೇ ಬರುತ್ತದೆ. ಕಂಡೆನ್ಸೇಟ್ ಪಾಲಿಶಿಂಗ್ (ಉಗಿ ತಣಿದು ಆದ ನೀರನ್ನು ಶುದ್ಧ ಮಾಡುವ ಘಟಕ) ಇದ್ದರಂತೂ ಅದರ ರೀಜನರೇಶನ್ ನೀರಿನಲ್ಲಿ ಇನ್ನೂ ಜಾಸ್ತಿ. 25 ಡಿಗ್ರಿ ನೀರಿನಲ್ಲಿ ಪಿಎಚ್ 7.8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪ ಶೇಕಡಾ 3ರಿಂದ 4ರಷ್ಟು. 9.4ಕ್ಕೆ ಹೋದಾಗ ಅದು ಅರ್ಧಕ್ಕಿಂತ ಜಾಸ್ತಿ. ಅಂದರೆ ಹೊಸದಾಗಿ ಒಂದು ಹನಿ ಅಮೋನಿಯಾ ಬರದಿದ್ದರೂ ಮಧ್ಯಾಹ್ನದ ನೀರು ಬೆಳಗಿನ ನೀರಿಗಿಂತ ಹತ್ತಾರು ಪಟ್ಟು ವಿಷ. ಮೀನು ಯಾವ ಹೊತ್ತಿಗೆ ತೇಲಿದವು ಎಂದು ಶಿಫ್ಟಿನವರನ್ನು ಕೇಳಿ. ನಸುಕಿನಲ್ಲಾದರೆ ಆಮ್ಲಜನಕ ಮುಗಿದು ಸತ್ತಿರಬಹುದು. ಮಧ್ಯಾಹ್ನವಾದರೆ ಅಮೋನಿಯಾ, ಇಲ್ಲವೇ ನಿಮ್ಮ ಆಸಿಡ್ಡೇ.

ಆಸಿಡ್ ಬೇಡ ಎನ್ನಲು ಬೇರೆ ಕಾರಣಗಳೂ ಇವೆ. ಪಿಎಚ್ ಏರಿಳಿತವನ್ನು ತಡೆಯುವ ಕ್ಷಾರತೆಯನ್ನು ಅದು ತಿಂದುಹಾಕುತ್ತದೆ. ಹೀಗಾಗಿ ವಾರ ಕಳೆದಂತೆ ಏರಿಳಿತ ಇನ್ನೂ ದೊಡ್ಡದಾಗುತ್ತದೆ, ನೀವು ಇನ್ನೂ ಜಾಸ್ತಿ ಸುರಿಯುತ್ತೀರಿ. ದಂಡೆಯಲ್ಲಿ ನಿಂತು ಸುರಿಯುವ ಹುಡುಗರ ಬಗ್ಗೆ ನನಗೆ ನಿಜವಾಗಿಯೂ ಚಿಂತೆ. ಹೈಪೋಕ್ಲೋರೈಟ್ (ನೀರಿನ ಕ್ರಿಮಿ ಕೊಲ್ಲಲು ಹಾಕುವ ಬ್ಲೀಚ್) ಟ್ಯಾಂಕಿನ ಡ್ರೈನ್ ಅದೇ ಕಾಲುವೆಗೆ ಸೇರುತ್ತದೆಯೇ ನೋಡಿ. ಆಸಿಡ್ ಮತ್ತು ಹೈಪೋ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಆಳನ್ನೇ ಕೊಲ್ಲಬಲ್ಲದು.

ಹಾಗಾದರೆ ಮಾಡುವುದೇನು? ಪಾಚಿಗೆ ಊಟ ಹಾಕುತ್ತಿರುವವರು ಯಾರು ಎಂದು ಹುಡುಕಿ. ಬಾಯ್ಲರಿಗೆ ಹಾಕುವ ಫಾಸ್ಫೇಟ್, ಕೂಲಿಂಗ್ ಟವರಿನ ರಾಸಾಯನಿಕ, ಕ್ಯಾಂಟೀನಿನ ಕೊಳಚೆ, ಇವು ಮೂರನ್ನೂ ಕೊಳಕ್ಕೆ ಸೇರುವ ಮೊದಲೇ ಬೇರೆ ಬೇರೆಯಾಗಿ ಪರೀಕ್ಷಿಸಿ. ಫಾಸ್ಫೇಟ್ ಜಾಸ್ತಿ ಇರುವ ನೀರಿಗೆ ಆ ಮೂಲದಲ್ಲೇ ಆಲಂ (ಪಟಿಕ) ಹಾಕಿ ಫಾಸ್ಫೇಟನ್ನು ತಳಕ್ಕೆ ಇಳಿಸಿ. ತೇಲುವ ಪಾಚಿಯನ್ನು ಬಲೆ ಹಾಕಿ ಎತ್ತಿಸಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಸುರಿಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಸತ್ತ ಪಾಚಿ ಕೊಳೆತು ಆಮ್ಲಜನಕ ಎಳೆಯುತ್ತದೆ, ಜೊತೆಗೆ ತಾಮ್ರ ಕೊಳದಲ್ಲೇ ಉಳಿಯುತ್ತದೆ. ಮಿತಿ ತುರ್ತಾಗಿ ಪಾಲಿಸಬೇಕಿದ್ದರೆ ಹೊರಹೋಗುವ ಕಾಲುವೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸಿ. ಪಾಚಿ ಕಸಿದದ್ದನ್ನೇ ವಾಪಸ್ ಕೊಟ್ಟಂತೆ. ಸ್ವಲ್ಪ ಹೆಚ್ಚಾದರೂ ಆಸಿಡ್ಡಿನಂತೆ ಪಿಎಚ್ 2ಕ್ಕೋ 3ಕ್ಕೋ ಬೀಳುವುದಿಲ್ಲ. ಕೊಳದೊಳಗೆ ಮಾತ್ರ ಬಿಡಬೇಡಿ, ಅದು ಪಾಚಿಗೇ ಊಟವಾಗುತ್ತದೆ.

ಪ್ರಶ್ನೆ: ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಿನೊಡನೆ ಬಿಡುವ ನಮ್ಮ ಬೂದಿ ಕೊಳದ ನೀರಿನಲ್ಲಿ ಸೆಲೆನಿಯಂ (ಹೆಚ್ಚಾದರೆ ವಿಷವಾಗುವ ಮೂಲವಸ್ತು) ತುಂಬಾ ಕಡಿಮೆ ಇದೆ, ಕೆರೆಗೆ ಬಿಟ್ಟ ಮೇಲೆ ಇನ್ನೂ ತೆಳುವಾಗುತ್ತದೆ ಎಂದು ನಮ್ಮ ಮೇಲಿನವರು ಹೇಳುತ್ತಾರೆ. ಒಪ್ಪಬಹುದಾ?

ಉತ್ತರ: ನಾನಂತೂ ಒಪ್ಪುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೆಲ್ಯೂಸ್ ಎಂಬ ಸರೋವರ ಇದೆ. 1970ರ ದಶಕದಲ್ಲಿ ಕಲ್ಲಿದ್ದಲು ಸ್ಥಾವರದ ಬೂದಿ ಕೊಳದ ನೀರನ್ನು ಅದಕ್ಕೆ ಬಿಟ್ಟರು. ಸರೋವರದ ನೀರಿನಲ್ಲಿ ಸೆಲೆನಿಯಂ ಇದ್ದದ್ದು ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಅಷ್ಟೇ. ಆದರೆ ಅದು ಪಾಚಿಗೆ, ಪಾಚಿ ತಿನ್ನುವ ಹುಳುಗಳಿಗೆ, ಅಲ್ಲಿಂದ ಮೀನಿನ ಮೊಟ್ಟೆಗೆ ಸೇರಿತು. ದೊಡ್ಡ ಮೀನುಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು, ಮರಿಗಳು ಬದುಕಲಿಲ್ಲ. 20 ಜಾತಿಯ ಮೀನುಗಳಲ್ಲಿ 19 ಹೋದವು.

ಆದ್ದರಿಂದ ನೀರಿನ ವರದಿಯೊಂದೇ ಸಾಲದು. ಕೆರೆಯ ತಳದ ಹೂಳು ಮತ್ತು ಮೊಟ್ಟೆ ತುಂಬಿದ ಮೀನು, ಎರಡನ್ನೂ ಲ್ಯಾಬಿಗೆ ಕಳುಹಿಸಿ. ವರದಿ ಕೈಗೆ ಬಂದ ಮೇಲೆ ಮೇಲಿನವರ ಮುಂದೆ ಇಡಿ.