ನಿಂಬೆ ಗುಂಡಿಯೊಳಗಿನ ಬಿಳಿ ಗಂಟು: ಬೆಣಚೋ, ಸುಣ್ಣವೋ?

ಅಣ್ಣಾರ, ಇಂಡಿ ಹತ್ರ ಎರಿ ಹೊಲದಾಗ ನಿಂಬೆ ಹಚ್ಚಾಕ ಗುಂಡಿ ತೆಗೆದಾಗ ಎರಡು ಅಡಿ ಕೆಳಗ ಬಿಳಿ ಗಂಟು ಸಿಕ್ಕಾವು, ಅವು ಬೆಣಚುಕಲ್ಲೋ ಸುಣ್ಣವೋ, ಗಿಡಕ್ಕ ತೊಂದರೆ ಐತೇನು ಅಂತ ಕೇಳೀರಿ.

ಒಂದನ್ನು ತೊಳೆದು ಗಾಜಿನ ಬಾಟಲಿ ಮ್ಯಾಲ ಗೀರಿ ನೋಡ್ರಿ. ಖನಿಜಗಳ ಗಡಸುತನ ಅಳೆಯೋ 1ರಿಂದ 10ರ ಮೋಸ್ ಮಾಪಕದಾಗ ಬೆಣಚಿನ ಗಡಸುತನ 7, ಗಾಜಿಗೆ ಗೀರು ಬೀಳ್ತದ. ಸುಣ್ಣದ ಖನಿಜದ್ದು ಬರೀ 3, ಅದನ್ನ ಚಾಕುವಿನಿಂದ ಕೆರೀಬಹುದು. ಆಮ್ಯಾಲ ಕುಟ್ಟಿ ಪುಡಿ ಮಾಡಿ, ಎರಡು ಹನಿ ನೀರಿನಿಂದ ತೋಯಿಸಿ, ನಿಂಬೆರಸ ಹಾಕ್ರಿ. ಬುರುಗು ಎದ್ದರ ಸುಣ್ಣ. ಇಡೀ ಗಂಟಿನ ಮ್ಯಾಲ ಹಾಕಿದರ ಗುಳ್ಳೆ ಕಾಣೋದು ಕಷ್ಟ, ನಿಂಬೆಯ ಹುಳಿ ಸೌಮ್ಯ. ತೋಯಿಸದಿದ್ದರ ಪುಡಿಯೊಳಗಿನ ಗಾಳಿನೇ ಗುಳ್ಳೆಯಾಗಿ ಮೋಸ ಮಾಡ್ತದ.

ನನ್ನ ಅಂದಾಜು ಸುಣ್ಣನ. ನಿಮ್ಮ ಕಡೆ ಕರಿಕಲ್ಲು ಸವೆದು ಎರಿ ಆದಾಗ ಕ್ಯಾಲ್ಸಿಯಂ ಬಿಡುಗಡೆ ಆಗ್ತದ. ಮಳಿ ಕಮ್ಮಿ, ಪೂರಾ ತೊಳೆದು ಹೋಗಂಗಿಲ್ಲ. ನೀರು ಆರಿದಲ್ಲೇ ಗಂಟು ಕಟ್ಟತದ.

ಬಿಡಿ ಗಂಟಿಗೆ ಹೆದರಬ್ಯಾಡ್ರಿ. ಆದರ ಮೂರು ಅಡಿಯೊಳಗ ಗಂಟು ಕೂಡಿಕೊಂಡು ಗಟ್ಟಿ ಪದರ ಆಗಿದ್ದರ ಆ ಜಾಗ ಬಿಡ್ರಿ, ಬೇರು ಇಳಿಯಂಗಿಲ್ಲ, ನೀರು ನಿಲ್ತದ. ಪ್ರತಿ ಅಡಿಯ ಮಣ್ಣು ಬೇರೆ ಬೇರೆ ಚೀಲಕ್ಕ ತುಂಬಿ, ರಸಸಾರದ (pH, ಮಣ್ಣಿನ ಹುಳಿ-ಕ್ಷಾರದ ಅಳತೆ) ಜೊತಿ ಸುಣ್ಣದ ಪ್ರಮಾಣನೂ ಪರೀಕ್ಷೆ ಮಾಡಿಸ್ರಿ. ಮುಂದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರ ಅದು ಕಬ್ಬಿಣದ ಕೊರತೆ. ಆಗ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಮಣ್ಣಿಗೆ ಸುರುವಬ್ಯಾಡ್ರಿ, ಸುಣ್ಣ ಅದನ್ನ ಹಿಡಿದಿಡ್ತದ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜಿಮುಂದ ಎಲೆಗೆ ಸಿಂಪಡಿಸ್ರಿ.