ಶ್ಯೂರಿಟಿ ಹಾಕೋರು ಯಾರು, ಸಾಕ್ಷಿ ಹೇಳೋರು ಯಾರು?

ಪ್ರಶ್ನೆ: ನಮ್ಮ ಬೀದಿ ಹುಡುಗ, ಗಾರೆ ಕೆಲಸದವನು, ಮೊಬೈಲ್ ಕದ್ದ ಅಂತ ಒಳಗೆ ಹೋದ. ಬೇಲ್ ಆಗಿ ಒಂದೂವರೆ ತಿಂಗಳಾಯ್ತು, ಶ್ಯೂರಿಟಿ ಸಿಗದೆ ಇನ್ನೂ ಜೈಲಲ್ಲೇ ಇದಾನೆ. ದುಡ್ಡಿರೋರ ಮಕ್ಕಳು ಸಂಜೆಗೇ ಮನೆಗೆ ಬರ್ತಾರೆ. ಕಾನೂನು ಎಲ್ಲರಿಗೂ ಒಂದೇ ಅನ್ನೋದು ಬರೀ ಬೊಗಳೆ ಅಲ್ವಾ ಸಾರ್?
- ಓದುಗರು, ತುಮಕೂರು

ಉತ್ತರ: ಬೊಗಳೆ ಅಂದ್ಬಿಟ್ರೆ ನಮಗೆ ಸಮಾಧಾನ ಆಗುತ್ತೆ, ಹುಡುಗ ಹೊರಗೆ ಬರಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿ ರಾಮ್ ಅನ್ನೋರ ಕೇಸ್ ಸುಪ್ರೀಂ ಕೋರ್ಟಿಗೆ ಬಂತು, ಅವರೂ ಗಾರೆಯವರೇ ನೋಡಿ. ಬೇಲ್ ಸಿಕ್ಕಿತ್ತು, ಆದ್ರೆ ಮ್ಯಾಜಿಸ್ಟ್ರೇಟ್ 10,000 ರೂಪಾಯಿ ಶ್ಯೂರಿಟಿ ಕೇಳಿದ್ರು, ಒಡಹುಟ್ಟಿದವನು ಮುಂದೆ ಬಂದ್ರೆ ನಿನ್ನ ಆಸ್ತಿ ಬೇರೆ ಜಿಲ್ಲೇಲಿದೆ, ಆಗಲ್ಲ ಅಂತ ವಾಪಸ್ ಕಳಿಸಿದ್ರು. ಜಸ್ಟಿಸ್ ಕೃಷ್ಣ ಅಯ್ಯರ್ ಅದನ್ನ ಚೆನ್ನಾಗೇ ಜಾಡಿಸಿ, ಶ್ಯೂರಿಟಿ ಇಲ್ಲದೆ ಅವರದೇ 1,000 ರೂಪಾಯಿ ಬಾಂಡ್, ಅಂದ್ರೆ ಮುಚ್ಚಳಿಕೆ ಮೇಲೆ ಬಿಡಿ ಅಂದ್ರು. ಇಷ್ಟು ವರ್ಷ ಆದ್ಮೇಲೂ ನೀವು ಅದೇ ಪ್ರಶ್ನೆ ಕೇಳ್ತಿದೀರಿ ಅಂದ್ರೆ ಏನು ಹೇಳೋಣ.

ಈಗ ಕೆಲಸದ ಮಾತು. 2023ರ ಜನವರೀಲಿ ಸುಪ್ರೀಂ ಕೋರ್ಟ್ ಹೇಳಿರೋ ಪ್ರಕಾರ ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದ್ರೂ ಬಾಂಡ್ ಕೊಡೋಕೆ ಆಗದಿದ್ರೆ ಕೋರ್ಟೇ ಷರತ್ತು ಸಡಿಲ ಮಾಡೋದನ್ನ ಪರಿಶೀಲಿಸಬಹುದು. ನಿಮ್ಮ ಹುಡುಗನಿಗೆ ಆ ತಿಂಗಳು ದಾಟಿದೆ. ಕಾನೂನು ಸೇವಾ ಸಹಾಯವಾಣಿ 15100ಗೆ ಫೋನ್ ಮಾಡಿ, ಇಲ್ಲಾಂದ್ರೆ ಕೋರ್ಟ್ ಆವರಣದಲ್ಲೇ ಇರೋ ಕಾನೂನು ಸೇವಾ ಆಫೀಸಿಗೆ ಹೋಗಿ. ಕಸ್ಟಡೀಲಿ ಇರೋರಿಗೆ ವಕೀಲರು ಫ್ರೀ, ಆದಾಯದ ಸರ್ಟಿಫಿಕೇಟ್ ಕೂಡ ಬೇಕಿಲ್ಲ.

ಇನ್ನೊಂದು ಕೇಳ್ಲಾ, ಬೇಜಾರಾಗ್ಬೇಡಿ. ಬೀದೀಲಿ ಶ್ಯೂರಿಟಿಗೆ ತೋರಿಸೋಕೆ ಜಮೀನಿನ ಪಹಣಿ ಇರೋರು ಒಬ್ಬರೂ ಇಲ್ವಾ? ಹುಡುಗ ಡೇಟಿಗೆ ಬರದಿದ್ರೆ ಶ್ಯೂರಿಟಿ ಹಾಕಿದೋರು ದುಡ್ಡು ಕಟ್ಬೇಕಾಗುತ್ತೆ, ಆ ಭಯ ನ್ಯಾಯವೇ. ಆದ್ರೆ ಇಷ್ಟು ವರ್ಷ ಎಲ್ಲರ ಮನೆ ಗೋಡೆ ಕಟ್ಟಿದವನನ್ನ ನಂಬೋರು ಒಬ್ಬರೂ ಇಲ್ಲ ಅಂದ್ರೆ ಜಡ್ಜ್ ಒಬ್ಬರನ್ನೇ ಬೈದು ಏನು ಬಂತು?

ಪ್ರಶ್ನೆ: ಕಂಬಾಲಪಲ್ಲಿ ಕೇಸಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ ಅಂತ ನಮ್ಮಪ್ಪ ಹೇಳಿದ್ರು. ನಿಜಾನಾ? ಹೇಗೆ ಸಾಧ್ಯ?
- ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನಿಜ ಕಣಮ್ಮ. ನಿಮ್ಮ ತಾಲೂಕಿನದೇ ಊರು. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಕೋಲಾರದ ಕೋರ್ಟ್ ಆರೋಪಿಗಳೆಲ್ಲರನ್ನೂ ಬಿಡ್ತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡೀತು. ಕಾರಣ, ಕಣ್ಣಾರೆ ಕಂಡ ಸಾಕ್ಷಿಗಳು ಕಟಕಟೇಲಿ ನಿಂತು ಉಲ್ಟಾ ಹೊಡೆದ್ರು. ಅವರನ್ನ ಹೇಡಿಗಳು ಅನ್ನೋಕೆ ನನಗೆ ಬಾಯಿ ಬರಲ್ಲ, ಯಾಕಂದ್ರೆ ಇಂಥ ಕೇಸಲ್ಲಿ ಸಾಕ್ಷಿ ಹೇಳಿ ಸಂಜೆ ವಾಪಸ್ ಹೋಗ್ಬೇಕಾಗಿರೋದು ಅದೇ ಊರಿಗೆ, ಕೂಲಿ ಸಿಗ್ಬೇಕಾಗಿರೋದು ಸುತ್ತಮುತ್ತಲ ಹೊಲದಲ್ಲೇ. ಪತ್ರಿಕೆಗಳು ಕೆಲವು ದಿನ ಬರೆದ್ವು, ನಾಯಕರು ಬಂದು ಹೋದ್ರು, ಆಮೇಲೆ ಆರು ವರ್ಷ ವಿಚಾರಣೆಗೆ ಕಾಯುವಾಗ ಆ ಸಾಕ್ಷಿಗಳ ಪಕ್ಕ ಎಷ್ಟು ಜನ ನಿಂತಿದ್ವಿ? ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದ್ದು 2018ರಲ್ಲಿ, ಅಷ್ಟೊತ್ತಿಗೆ ಈ ಕೇಸ್ ಹೈಕೋರ್ಟಲ್ಲೂ ಮುಗಿದು ನಾಲ್ಕು ವರ್ಷ. ಈಗ ಬೆದರಿಕೆ ಇರೋ ಸಾಕ್ಷಿ ಅರ್ಜಿ ಹಾಕಿ ಪೊಲೀಸ್ ಕಾವಲು ಕೇಳಬಹುದು, ಆರೋಪಿಗೆ ಎದುರಾಗದ ಹಾಗೆ ಹೇಳಿಕೆ ಕೊಡೋಕೂ ದಾರಿ ಇದೆ. ಆದ್ರೆ ಅರ್ಜಿ ಬರೆದುಕೊಡೋಕೆ ಊರಲ್ಲಿ ಯಾರಾದ್ರೂ ಬೇಕಲ್ಲ.

ಪ್ರಶ್ನೆ: ಆಕ್ಸಿಡೆಂಟ್ ಆದೋರನ್ನ ಆಸ್ಪತ್ರೆಗೆ ಸೇರಿಸಿದ್ರೆ ಪೊಲೀಸು, ಕೋರ್ಟು ಅಂತ ಅಲೆಸಲ್ವಾ?
- ಆಟೋ ಚಾಲಕರು, ಹೊಸಪೇಟೆ

ಉತ್ತರ: ಇಲ್ಲ ಅಣ್ಣ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ 18ರ ಹುಡುಗ ರಸ್ತೇಲಿ ನರಳ್ತಿದ್ರೆ ಸುತ್ತ ನಿಂತೋರು ವಿಡಿಯೋ ಮಾಡಿದ್ರು. ಅವರಲ್ಲೂ ಎಷ್ಟೋ ಜನಕ್ಕೆ ಈ ಭಯವೇ ಇತ್ತೇನೋ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಂ ಸೇರಿಸಿದಾರೆ. ಸಹಾಯ ಮಾಡಿದೋರ ಮೇಲೆ ಕೇಸ್ ಹಾಕೋ ಹಾಗಿಲ್ಲ, ಹೆಸರು, ಫೋನ್ ನಂಬರ್ ಕೊಡಿ ಅಂತ ಬಲವಂತ ಮಾಡೋ ಹಾಗಿಲ್ಲ. ಸೇರಿಸಿ ನೀವು ನಿಮ್ಮ ಬಾಡಿಗೆಗೆ ಹೋಗಬಹುದು. ಡಿಕ್ಕಿ ಹೊಡೆದ ಗಾಡಿ ನಂಬರ್ ನೋಡಿದ್ರೆ ಮಾತ್ರ ಹೇಳಿ ಹೋಗಿ, ಆ ಮನೆಯವರ ಪರಿಹಾರದ ಕೇಸಿಗೆ ಅದು ಬೇಕಾಗುತ್ತೆ.