ವಾರಿಯರ್ ಹಡಗಿಗೆ ಎಂಜಿನ್ ಇದ್ದೂ ಹಾಯಿ ಯಾಕೆ?

ನೀವು ಕೇಳಿದ್ದು: 1860ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ವಾರಿಯರ್‌ಗೆ ಉಗಿ ಎಂಜಿನ್ ಇತ್ತಲ್ಲ, ಮತ್ತೆ ಮೂರು ಹಾಯಿಕಂಬ ಯಾಕೆ, ಅವನ್ನು ಕೈಬಿಟ್ಟದ್ದು ಯಾವಾಗ ಅಂತ.

ಕಾರಣ ಕಲ್ಲಿದ್ದಲು. ಹಡಗು ಹೊರುತ್ತಿದ್ದದ್ದು ಸುಮಾರು 850 ಟನ್ ಇದ್ದಲು, ಅದನ್ನು ಉರಿಸಿ ಉಗಿ ಮಾಡಲು ಹತ್ತು ಬಾಯ್ಲರ್‌. ಒತ್ತಡ ಕಡಿಮೆಯಿದ್ದ ಆ ಕಾಲದ ಎಂಜಿನ್‌ಗಳು ಹಸಿದ ಬಕಾಸುರರು. ದೂರದ ಸಮುದ್ರಗಳಲ್ಲಿ ಇದ್ದಲು ಸಿಗುವ ಬಂದರುಗಳೂ ವಿರಳ. ಹಾಗಾಗಿ ಪಯಣಕ್ಕೆ ಹಾಯಿ, ಕಾಳಗಕ್ಕೆ ಉಗಿ. ಆದರೆ ಹಾಯಿ ಬಿಚ್ಚಿದಾಗ ನಿಂತ ಪ್ರೊಪೆಲ್ಲರ್ ನೀರನ್ನು ತಡೆದು ವೇಗ ತಿನ್ನುತ್ತದೆ. ಅದಕ್ಕೇ ಇಪ್ಪತ್ತು ಟನ್ ಮೀರಿದ ಪ್ರೊಪೆಲ್ಲರನ್ನು ನೂರಾರು ನಾವಿಕರು ಹಗ್ಗ ಜಗ್ಗಿ ಮೇಲೆತ್ತುತ್ತಿದ್ದರು, ಹೊಗೆಕೊಳವೆಗಳನ್ನೂ ತಗ್ಗಿಸುತ್ತಿದ್ದರು!

ನಿಜವಾದ ತೊಡಕು ಬಂದದ್ದು ತಿರುಗುವ ಫಿರಂಗಿ ಗೋಪುರಗಳಿಂದ. ಕಂಬ, ಹಗ್ಗಗಳು ಗುಂಡಿನ ದಾರಿಗೆ ಅಡ್ಡ. ಮೇಲಾಗಿ ಗೋಪುರದ ಭಾರ ತಗ್ಗಿನಲ್ಲಿರಲೆಂದು ಹಡಗಿನ ಅಂಚನ್ನೇ ನೀರಿಗೆ ಹತ್ತಿರ ಇಡಬೇಕು. ಇಂಥ ಗೋಪುರಗಳಿದ್ದ ಕ್ಯಾಪ್ಟನ್ ಎಂಬ ಬ್ರಿಟಿಷ್ ಹಡಗಿನಲ್ಲಿ ಎಂಟು ಅಡಿ ಎತ್ತರವಿರಬೇಕಿದ್ದ ಅಂಚು, ಕಟ್ಟುವಾಗ ಭಾರ ಹೆಚ್ಚಿ ಆರೂವರೆ ಅಡಿಗೆ ಇಳಿಯಿತು. ಮೇಲೆ ಎತ್ತರದ ಕಂಬಗಳು. ಸುಮಾರು 21 ಡಿಗ್ರಿ ವಾಲಿದ ಮೇಲೆ ಅದು ತನ್ನನ್ನು ತಾನು ಎತ್ತಿಕೊಳ್ಳುವ ಬಲ ಕುಗ್ಗತೊಡಗುತ್ತಿತ್ತು. 1870ರ ಸೆಪ್ಟೆಂಬರ್ 7ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನಿನ ಫಿನಿಸ್ಟೆರ್ ಭೂಶಿರದ ಬಳಿ ಬಿರುಗಾಳಿಗೆ ಮಗುಚಿತು. ಸುಮಾರು 480 ಜನ ಸತ್ತರು, ಬದುಕಿದವರು 18.

1873ರಲ್ಲಿ ಸೇವೆಗಿಳಿದ ಬ್ರಿಟಿಷ್ ಯುದ್ಧನೌಕೆ ಡೆವಾಸ್ಟೇಷನ್‌ಗೆ ಹಾಯಿಯೇ ಇಲ್ಲ. ಇದ್ದಲು 1,350 ಟನ್, ಪ್ರೊಪೆಲ್ಲರ್ ಎರಡು: ಒಂದು ಕೆಟ್ಟರೆ ಇನ್ನೊಂದು. ಆದರೂ ಹಾಯಿ ಒಮ್ಮೆಗೇ ಮಾಯವಾಗಲಿಲ್ಲ. ದೂರದ ಕಾವಲಿನ ಹಡಗುಗಳಲ್ಲಿ 1880ರ ದಶಕದವರೆಗೂ ಉಳಿದಿತ್ತು.